ಇಂಗಜ್ಜಿಯ ಗಾಡಿ

ತಿಥಿ ಮುಗಿದ ಮಾರನೆಯ ಬೆಳಿಗ್ಗೆ ಲಕ್ಕೂರಿನ ಆ ಮನೆಯಲ್ಲಿ ಎಲ್ಲವೂ ಮೊದಲಿನಂತೆ ನಡೆಯತೊಡಗಿತ್ತು. ಶಾಮಿಯಾನದವನು ಕಂಬ ಕಿತ್ತುಕೊಂಡು ಹೋಗಿದ್ದ. ಹಾಲಿನವಳು ಮುಖ ನೋಡದೆ ಅರ್ಧ ಲೀಟರ್ ಸುರಿದು ಹೋದಳು. ಏಳು ಗಂಟೆಗೆ ಸರಿಯಾಗಿ, ಗೋಡೆಗೂಡಿನಲ್ಲಿ ಚಾರ್ಜಿಗೆ ಹಾಕಿದ್ದ ಮುನೇಶನ ಫೋನು ಬಡಿದುಕೊಂಡಿತು.

ಮುನೇಶ್ ಹೋಗಿ ಹದಿಮೂರು ದಿನವಾಗಿತ್ತು. ಫೋನನ್ನು ದಿನಾ ಚಾರ್ಜಿಗೆ ಹಾಕುತ್ತಿದ್ದವಳು ಅವನ ತಾಯಿ ಮುತ್ಯಾಲಮ್ಮ. ಯಾಕೆ ಎಂದು ಯಾರೂ ಕೇಳಿರಲಿಲ್ಲ.

ಗಂಗಾಲಕ್ಷ್ಮಿ ಎದ್ದು ಹೋಗಿ ನೋಡಿದಳು. ಗಂಡ ತನಗೆ ತಾನೇ ಬರೆದುಕೊಂಡಿದ್ದ ನೆನಪೋಲೆ ಪರದೆಯ ಮೇಲೆ ಹೊಳೆಯುತ್ತಿತ್ತು: 'ಇಂಗಜ್ಜಿ ಗಾಡಿ ವಾಪಸ್ಸು. ಇಪ್ಪತ್ತನೇ ತಾರೀಖಿನ ಒಳಗೆ. ಮರೀಬೇಡ್ಲಾ ಮುನಿಯಾ.'

ಅಂದು ಮಾರ್ಚ್ ಹದಿನಾರು. ಅವಳು ಅಲಾರಂ ನಿಲ್ಲಿಸಿದಳು. ಅಳು ಬರಲಿಲ್ಲ. ಹದಿಮೂರು ದಿನದಿಂದಲೂ ಬಂದಿರಲಿಲ್ಲ. ಮಾತಾಡಿಸಲು ಬಂದವರೆಲ್ಲ ಅದನ್ನೇ ಗಮನಿಸಿ ಹೋಗಿದ್ದರು.

ಮುನೇಶ್ ಮಾಲೂರಿನ ಕಾರ್ಖಾನೆಯೊಂದರಲ್ಲಿ ಫಿಟ್ಟರ್. ಗಾಳಿಯಂತ್ರದ ರೆಕ್ಕೆ ಜೋಡಿಸುವುದನ್ನು ಕಲಿಯಲಿ ಎಂದು ಕಂಪನಿಯವರು ಅವನನ್ನು ಎರಡು ವರ್ಷ ಡೆನ್ಮಾರ್ಕಿಗೆ ಕಳಿಸಿದ್ದರು. ಹೆಂಡತಿಯೂ ಜೊತೆಗೆ ಹೋದಳು. ಅಲ್ಲಿನ ಸಂಘವೊಂದಕ್ಕೆ ಹೆಸರು ಕೊಟ್ಟು ಅವನು ಪ್ರತಿ ಗುರುವಾರ ಮೂರು ಗಂಟೆಗೆ ಇಂಗರ್ ಎಂಬ ಎಂಬತ್ತನಾಲ್ಕರ ಮುದುಕಿಯ ಮನೆಗೆ ಹೋಗುತ್ತಿದ್ದ. ಒಂದಷ್ಟು ಹೊತ್ತು ಮಾತಾಡಿಸಿ, ನಡಿಗೆ ಗಾಡಿ ಹಿಡಿಸಿ, ಬಂದರಿನ ತನಕ ತಿರುಗಾಡಿಸಿಕೊಂಡು ಬರುವುದು. ಪುಕ್ಕಟೆ ಸೇವೆ. ಊರಿಗೆ ಫೋನ್ ಮಾಡಿದಾಗಲೆಲ್ಲ ಹೆಮ್ಮೆಯಿಂದ ಹೇಳುತ್ತಿದ್ದ. ಲಕ್ಕೂರಿನ ನಾಲಿಗೆಗೆ ಇಂಗರ್ ಹತ್ತಲಿಲ್ಲ, ಇಂಗಜ್ಜಿಯಾದಳು. ಪುಕ್ಕಟೆ ಎನ್ನುವುದು ಲಕ್ಕೂರಿನ ಮನಸ್ಸಿಗೆ ಹತ್ತಲಿಲ್ಲ.

"ಸಂಬಳ ಇಲ್ದೆ ಮುದುಕೀನ ನೋಡ್ಕೊತಾವ್ನಾ?" ಎಂದು ಅವನ ದೊಡ್ಡಪ್ಪ ಶ್ರೀನಿವಾಸಪ್ಪ ಕೇಳಿದ್ದರು. "ಹಂಗಾದ್ರೆ ಆ ವಮ್ಮಂಗೆ ಜಮೀನು ಎಷ್ಟೈತೆ ಕೇಳು."

ಆ ನಡಿಗೆ ಗಾಡಿಗೆ ನಾಲ್ಕು ಗಾಲಿ, ಕೈಯಲ್ಲಿ ಬ್ರೇಕು, ಮುಂದೊಂದು ಬುಟ್ಟಿ, ಸುಸ್ತಾದರೆ ಕೂರಲು ಸೀಟು. ಮುನೇಶ್ ರಜೆಗೆ ಊರಿಗೆ ಹೊರಟಾಗ ಅದನ್ನು ಎರವಲು ಕೇಳಿ ತಂದಿದ್ದ. ಕೋಲಾರದ ಗ್ರಿಲ್ ಅಂಗಡಿಯ ತಾಜ್ ಪಾಷಾಗೆ ತೋರಿಸಿ ಅಂಥದ್ದೇ ಮಾಡಿಸಿದರೆ ಮಂಡಿನೋವಿನ ತಾಯಿಗಾಯಿತು, ಊರಿನ ಮುದುಕರಿಗೂ ಆಯಿತು. ಹಿಮ ಕರಗಿ ಇಂಗರ್ ಹೊರಗೆ ತಿರುಗಾಡಲು ಶುರು ಮಾಡುವ ಹೊತ್ತಿಗೆ ತಿರುಗಿ ಒಪ್ಪಿಸುತ್ತೇನೆ ಎಂದು ಮಾತು ಕೊಟ್ಟಿದ್ದ. ತಾಜ್ ಪಾಷಾ ಅಳತೆ ತೆಗೆದುಕೊಂಡ. ಗಾಲಿ ಹುಡುಕಿಕೊಂಡು ನಂಗಲಿಯ ಹೆದ್ದಾರಿ ಅಂಗಡಿಗಳಿಗೆ ಹೋದ ಮುನೇಶ್, ಹಿಂದಕ್ಕೆ ಬರುತ್ತಿದ್ದ ಲಾರಿಯನ್ನು ನೋಡಲಿಲ್ಲ.

ಮಾರನೆಯ ದಿನ ಗಂಗಾಲಕ್ಷ್ಮಿಗೆ ವಿಮಾನವಿತ್ತು. ಅಲ್ಲಿನ ಬಾಡಿಗೆ ಮನೆ ಖಾಲಿ ಮಾಡಿ, ಕೀ ಒಪ್ಪಿಸಿ ಬರಬೇಕು. ಗಾಡಿಯನ್ನೂ ಒಪ್ಪಿಸಿದರಾಯಿತು ಎಂದು ರಾಗಿ ತುಂಬಿಡುವ ವಾಡೆಯ ಹಿಂದೆ ಹೋಗಿ ನೋಡಿದಳು. ಗಾಡಿ ಇರಲಿಲ್ಲ.

ಅಂಗಳದಲ್ಲಿ ಶ್ರೀನಿವಾಸಪ್ಪ ಹಲ್ಲುಜ್ಜುತ್ತಿದ್ದರು. ಕೇಳಿದ್ದಕ್ಕೆ ಬೇವಿನ ಕಡ್ಡಿ ತೆಗೆಯದೆ ಹೇಳಿದರು: "ಅದಾ? ದಾನ ಕೊಟ್ಟಾಯ್ತಲ್ಲಮ್ಮ. ಹನ್ನೊಂದ್ನೇ ದಿನ, ಅವನ ಚಪ್ಲಿ, ಕಂಬ್ಳಿ, ಮಂಚದ ಜೊತೇಲಿ. ನಮ್ಮ ದಾಸಯ್ಯ ಮುನಿಶಾಮಿಗೆ."

"ದೊಡ್ಡಮಾವ, ಅದು ಅವರದ್ದಲ್ಲ. ಎರವಲು ತಂದಿದ್ದು."

ಕಡ್ಡಿ ಬಾಯಿಂದ ಹೊರಬಂತು. "ಸತ್ತೋನ ಸಾಮಾನು ಮನೇಲಿ ಇರಬಾರ್ದು ಅಂತ ಕೊಟ್ಟೆ. ಅದ್ರಲ್ಲಿ ಯಾವುದು ಯಾರ್ದು ಅಂತ ಅದರ ಮೇಲೆ ಬರೆದೈತಾ?"

ಬರೆದಿತ್ತು. ಡೇನಿಷ್ ಭಾಷೆಯಲ್ಲಿ. ಅವಳು ಅದನ್ನು ಹೇಳಲಿಲ್ಲ.

ಎದುರುಮನೆಯ ಚಿಕ್ಕಗಂಗಮ್ಮ ಆಗಲೇ ಜಗುಲಿಗೆ ಬಂದು ಕೂತಾಗಿತ್ತು. ಆ ಬೀದಿಯಲ್ಲಿ ಯಾರ ಮನೆಯಲ್ಲಿ ಲೋಟ ಬಿದ್ದರೂ ಅವಳು ಎತ್ತಿಕೊಡಲು ಬರುತ್ತಿದ್ದಳು.

"ಎರವಲು ತಂದಿದ್ದು ತೀರಿಸ್ದೆ ಹೋದ್ರೆ ಜೀವ ಇಲ್ಲೇ ಸುತ್ತಾಡ್ತಿರ್ತದೆ ಕಣಮ್ಮ. ನಮ್ಮ ಮಾವನವ್ರು ಪಕ್ಕದ ಮನೆ ಒನಕೆ ಕೊಡ್ದೆ ಹೋಗ್ಬಿಟ್ರು. ಮೂರು ವರ್ಷ ಅಟ್ಟದ ಮೇಲೆ ದಡ ದಡ."

"ಅದು ಇಲಿ," ಎಂದರು ಶ್ರೀನಿವಾಸಪ್ಪ. "ದಾನ ಕೊಟ್ಟಿದ್ದನ್ನ ವಾಪಸ್ ಕೇಳೋದು ಇನ್ನೂ ದೊಡ್ಡ ಪಾಪ. ಅವನ ಹೆಸರಲ್ಲಿ ಕೊಟ್ಟಿದ್ದು. ಕಿತ್ಕೊಂಡ್ರೆ ಅವನ ಕೈಯಿಂದಾನೇ ಕಿತ್ಕೊಂಡಂಗೆ."

ಯಾವ ಪಾಪ ದೊಡ್ಡದು ಎಂಬ ವಿಚಾರಣೆ ಅರ್ಧ ಗಂಟೆ ನಡೆಯಿತು. ಗಂಗಾಲಕ್ಷ್ಮಿ ಕಂಬಕ್ಕೆ ಒರಗಿ ನಿಂತು ಕೇಳಿದಳು. ಅವಳು ರಸಾಯನಶಾಸ್ತ್ರದಲ್ಲಿ ಎಂಎಸ್ಸಿ. ಜೀವ ಸುತ್ತಾಡುತ್ತದೆ ಎನ್ನುವುದನ್ನು ನಂಬುತ್ತಿರಲಿಲ್ಲ. ಆದರೆ ಮುನೇಶ್ ಯಾರಿಗಾದರೂ ಮಾತು ಕೊಟ್ಟು ತಪ್ಪಿದ್ದನ್ನು ಅವಳು ನೋಡಿರಲಿಲ್ಲ. ಇದೊಂದನ್ನು ಬಿಟ್ಟರೆ ಅವನಿಗಾಗಿ ಮಾಡಲು ಇನ್ನೇನೂ ಉಳಿದಿರಲಿಲ್ಲ.

ಕೊನೆಗೆ ಚಿಕ್ಕಗಂಗಮ್ಮನೇ ತೀರ್ಪು ಕೊಟ್ಟಳು. "ಬದಲಿಗೆ ಬೇರೆ ದಾನ ಕೊಡಿ. ನಾಲ್ಕು ಗಾಲಿ ಇಸ್ಕೊಂಡು ನಾಲ್ಕು ಕಾಲು ಕೊಡಿ. ಸರಿಹೋಯ್ತದೆ."

ಮುತ್ಯಾಲಮ್ಮ ಒಳಗಿಂದ ಗೋಡೆ ಹಿಡಿದುಕೊಂಡು ಬಂದಳು. ತಾನು ಬಾಟಲಿಯಲ್ಲಿ ಹಾಲು ಕುಡಿಸಿ ಸಾಕಿದ್ದ ಆಡಿನ ಮರಿಯ ಹಗ್ಗವನ್ನು ಸೊಸೆಯ ಕೈಗಿಟ್ಟಳು. "ಹೋಗ್ಬಾ. ಅವನು ಆ ವಮ್ಮಂಗೆ ಬರ್ತೀನಿ ಅಂದವ್ನೆ."

"ಇವಳು ಹೆಂಗ್ ಹೋಗ್ತಾಳೆ?" ಶ್ರೀನಿವಾಸಪ್ಪ ತಡೆದರು. "ಇನ್ನೂ ಮೂರು ತಿಂಗಳು ಹೊಸಿಲು ದಾಟಂಗಿಲ್ಲ."

"ನಾಳೆ ಡೆನ್ಮಾರ್ಕಿಗೆ ಹೋಗ್ತಿದೀನಲ್ಲ ದೊಡ್ಡಮಾವ."

"ಅದು ಬೇರೆ. ವಿಮಾನಕ್ಕೆ ಹೊಸಿಲಿರಲ್ಲ."

ಕಡೆಗೆ ಅವರ ಓಮ್ನಿಗೂ ಹೊಸಿಲಿಲ್ಲ ಎಂದು ತೀರ್ಮಾನವಾಯಿತು. ಅವರೇ ಓಡಿಸಿದರು. ಹಿಂದಿನ ಸೀಟಿನಲ್ಲಿ ಗಂಗಾಲಕ್ಷ್ಮಿ, ಪಕ್ಕದಲ್ಲಿ ಆಡು. ಆಡು ಕಿಟಕಿಯಿಂದ ತಲೆ ಹೊರಗೆ ಹಾಕಿ, ಓಟು ಕೇಳಲು ಬಂದವರ ಹಾಗೆ ಎಲ್ಲರನ್ನೂ ನೋಡುತ್ತಿತ್ತು.

ದಾಸಯ್ಯ ಮುನಿಶಾಮಿ ಪಕ್ಕದೂರಿನ ತನ್ನ ಜಗುಲಿಯಲ್ಲಿ ಮುನೇಶನ ಚಪ್ಪಲಿ ಹಾಕಿಕೊಂಡೇ ಕೂತು ಶಂಖ ತೊಳೆಯುತ್ತಿದ್ದ. ಗಂಗಾಲಕ್ಷ್ಮಿ ಚಪ್ಪಲಿಯನ್ನು ನೋಡಿ, ಆಮೇಲೆ ಶಂಖವನ್ನೇ ನೋಡುತ್ತ ನಿಂತಳು. ಶ್ರೀನಿವಾಸಪ್ಪ ವಿಷಯ ತಿಳಿಸುವಷ್ಟರಲ್ಲಿ ಆಡು ಅವನ ತುಳಸಿ ಗಿಡವನ್ನು ಅರ್ಧ ಮುಗಿಸಿತ್ತು.

"ನನ್ನತ್ರ ಇದ್ದಿದ್ರೆ ಈಗಲೇ ಕೊಡ್ತಿದ್ದೆ ತಾಯಿ," ಎಂದ ಮುನಿಶಾಮಿ. "ರಾಯಲ್ಪಾಡಲ್ಲಿ ನಮ್ಮಕ್ಕ ಶಾಮಲಮ್ಮ ಅವ್ಳೆ. ಆರು ವರ್ಷದಿಂದ ಹಾಸಿಗೆ ಬಿಟ್ಟಿಲ್ಲ. ಯುಗಾದಿಗೆ ತವರಿಂದು ಅಂತ ಹೇಳಿ ಬಸ್ ಮೇಲೆ ಹಾಕಿ ಕಳಿಸ್ಬಿಟ್ಟೆ."

"ಹಂಗಾದ್ರೆ ವಾಪಸ್ ಕೇಳು," ಎಂದರು ಶ್ರೀನಿವಾಸಪ್ಪ.

"ತವರಿಂದ ಕೊಟ್ಟಿದ್ದನ್ನ ಕೇಳೋದಾ? ನಮ್ಮಕ್ಕನ್ನ ನೀವು ಕಂಡಿಲ್ಲ." ಮುನಿಶಾಮಿ ಶಂಖ ಕೆಳಗಿಟ್ಟ. "ನೀವು ಕೇಳಿ ಸ್ವಾಮಿ. ನಾನು ಜೊತೇಲಿ ಬಂದು ಪಕ್ಕದಲ್ಲಿ ನಿಂತಿರ್ತೀನಿ."

ಓಮ್ನಿ ಕೋಲಾರ ದಾಟಿತು. ಶ್ರೀನಿವಾಸಪುರ ದಾಟುತ್ತಿದ್ದಂತೆ ಮಾವಿನ ತೋಪುಗಳ ಜೊತೆಗೆ ತೆಲುಗೂ ದಟ್ಟವಾಯಿತು. ಟೀ ಕುಡಿಯಲು ನಿಂತಲ್ಲೆಲ್ಲ ಶ್ರೀನಿವಾಸಪ್ಪ ಕೇಳಿದವರಿಗೂ ಕೇಳದವರಿಗೂ ಕತೆ ಹೇಳಿದರು. ಕೋಲಾರದಲ್ಲಿ ಇಂಗಜ್ಜಿ ಒಬ್ಬ ಬಡ ಮುದುಕಿಯಾಗಿದ್ದಳು. ಶ್ರೀನಿವಾಸಪುರದಲ್ಲಿ ಅವಳಿಗೆ ಒಂದು ಬಂಗಲೆ ಬಂತು. ರಾಯಲ್ಪಾಡು ತಲುಪುವ ಹೊತ್ತಿಗೆ ಅವಳು ಅಲ್ಲಿನ ರಾಣಿಯ ಚಿಕ್ಕಮ್ಮನಾಗಿದ್ದಳು, ಗಾಡಿ ಸಿಗದಿದ್ದರೆ ಎರಡು ದೇಶಗಳ ನಡುವೆ ಮಾತು ಬರುವುದಿತ್ತು.

ಶಾಮಲಮ್ಮನ ಮನೆಯಲ್ಲಿ ಹಾಸಿಗೆ ಸುತ್ತಿಟ್ಟಿತ್ತು. ಪಕ್ಕದ ಮನೆಯಾಕೆ ಇಣುಕಿ ನಕ್ಕಳು. "ಶಾಮಲಮ್ಮಾನಾ? ಇಂಟ್ಲೋ ಎಕ್ಕಡುಂಟುಂದಿ? ಬಂಡಿ ಬಂದಾಗಿಂದ ಮನೇಲಿ ಕೂತಿದ್ದೇ ಇಲ್ಲ."

ಫ್ಲೋರ್ ಮಿಲ್ಲಿಗೆ ಹೋದರು. ಈಗ ತಾನೇ ಹೋದಳು ಎಂದರು. ನ್ಯಾಯಬೆಲೆ ಅಂಗಡಿಗೆ ಹೋದರು. ಅಲ್ಲಿ ಸಾಲಿನವರನ್ನೆಲ್ಲ ಗಾಡಿಯಿಂದ ಸರಿಸಿ ಮುಂದೆ ಹೋಗಿದ್ದಳಂತೆ. ಒಂದು ಮನೆಯ ಮುಂದೆ ಹೆಂಗಸೊಬ್ಬಳು ಕೂತು ಕಣ್ಣೊರೆಸಿಕೊಳ್ಳುತ್ತಿದ್ದಳು. ಆರು ವರ್ಷದ ಹಿಂದೆ ಅರ್ಧಕ್ಕೆ ನಿಂತಿದ್ದ ಜಗಳವನ್ನು ಶಾಮಲಮ್ಮ ಆ ಬೆಳಿಗ್ಗೆ ಬಂದು ಮುಗಿಸಿ ಹೋಗಿದ್ದಳು.

ಕೊನೆಗೆ ಸಿಕ್ಕಿದ್ದು ಬಸ್ ನಿಲ್ದಾಣದ ಹೊಂಗೆಯ ನೆರಳಲ್ಲಿ. ಗಾಡಿಯ ಸೀಟಿನ ಮೇಲೆ ತಹಸೀಲ್ದಾರರ ಹಾಗೆ ಕೂತಿದ್ದಳು. ಬುಟ್ಟಿಯಲ್ಲಿ ಟೊಮೇಟೊ ಇತ್ತು. ಸುತ್ತ ಹತ್ತು ಜನ ನಿಂತಿದ್ದರು.

ಶ್ರೀನಿವಾಸಪ್ಪ ಗಂಟಲು ಸರಿಮಾಡಿಕೊಂಡರು. ಮುನಿಶಾಮಿ ಆಡಿನ ಹಿಂದೆ ಮರೆಯಾಗಲು ನೋಡಿದ. ಮಾತಾಡಿದವಳು ಗಂಗಾಲಕ್ಷ್ಮಿ. ಹದಿಮೂರು ದಿನದಲ್ಲಿ ಅವಳು ಅಷ್ಟು ಉದ್ದ ಮಾತಾಡಿರಲಿಲ್ಲ.

"ಅಮ್ಮಾ, ಈ ಗಾಡಿ ನನ್ನ ಗಂಡ ಒಬ್ಬರ ಹತ್ರ ಎರವಲು ತಂದಿದ್ದು. ಇಪ್ಪತ್ತನೇ ತಾರೀಖಿಗೆ ವಾಪಸ್ ಕೊಡ್ತೀನಿ ಅಂದಿದ್ರು. ಅವರು ಹೋಗ್ಬಿಟ್ರು. ತಿಳೀದೆ ನಮ್ಮವರು ದಾನ ಕೊಟ್ಟಿದಾರೆ. ಅದರ ಬದಲು ಈ ಮರಿ ತಂದಿದೀನಿ."

ಶಾಮಲಮ್ಮ ಅವಳ ಹಣೆ ನೋಡಿದಳು, ಕೊರಳು ನೋಡಿದಳು. ಆಡನ್ನು ನೋಡಿದಳು.

"ನೇನು ದಿಗನು," ಎಂದಳು. "ಇಳಿಯಲ್ಲ ಕಣಮ್ಮ. ಇಳಿದ್ರೆ ಮತ್ತೆ ಅದೇ ಹಾಸಿಗೆ, ಅದೇ ಸೂರು. ನಿನ್ನ ಗಂಡ ಹೋದ, ಅದೂ ನಿಜ. ನನಗೆ ಕಾಲು ಬಂತು, ಇದೂ ನಿಜ. ಓದಿರೋಳ ಹಂಗೆ ಕಾಣ್ತೀಯ. ಈಗ ನೀನೇ ನ್ಯಾಯ ಹೇಳು."

ಗಂಗಾಲಕ್ಷ್ಮಿ ಮುದುಕಿ ಬ್ರೇಕಿನ ಮೇಲೆ ಇಟ್ಟಿದ್ದ ಕೈಯನ್ನು ನೋಡಿದಳು. ಗಟ್ಟಿಯಾಗಿ ಹಿಡಿದು ಬೆರಳ ಗೆಣ್ಣು ಬೆಳ್ಳಗಾಗಿತ್ತು. ಶ್ರೀನಿವಾಸಪ್ಪ ಎರಡು ದೇಶಗಳ ವಿಷಯ ಎತ್ತಲು ಬಾಯಿ ತೆರೆದರು. ಅವಳು ಕೈಯೆತ್ತಿ ತಡೆದಳು. ಬ್ಯಾಗಿನಿಂದ ಮುನೇಶನ ಫೋನು ತೆಗೆದಳು. ಅವನು ಕೊನೆಯದಾಗಿ ಕರೆ ಮಾಡಿದ್ದ ಹೆಸರು ಮೇಲೆಯೇ ಇತ್ತು. ಒತ್ತಿದಳು.

"ಮುನೇಶ್ ಮನೆಯವರು ಮಾತಾಡ್ತಿರೋದು. ಅವರು ಅಳತೆ ಕೊಟ್ಟಿದ್ರಲ್ಲ..."

ಆ ಕಡೆ ವೆಲ್ಡಿಂಗ್ ಸದ್ದು ನಿಂತು ತಾಜ್ ಪಾಷಾನ ದನಿ ಬಂತು. "ಆಗಿದೆ ಬೇಟಿ. ಯಾರಿಗೆ ಹೇಳೋದು ಅಂತ ಗೊತ್ತಾಗ್ಲಿಲ್ಲ. ಬನ್ನಿ."

ಹೊಸ ಗಾಡಿಯನ್ನು ಕಣ್ಣಲ್ಲಿ ನೋಡುವ ತನಕ ಇಳಿಯುವುದಿಲ್ಲ ಎಂದು ಶಾಮಲಮ್ಮ ಹಟ ಹಿಡಿದಳು. ಹಾಗಾಗಿ ಕೂತಂತೆಯೇ ಅವಳನ್ನು ಗಾಡಿ ಸಮೇತ ನಾಲ್ಕು ಜನ ಎತ್ತಿ ಓಮ್ನಿಗೆ ತುಂಬಿದರು. ಹಿಂದಿನ ಸೀಟು ಮಡಚಬೇಕಾಯಿತು. ಗಂಗಾಲಕ್ಷ್ಮಿ 'ಬ್ರೇಕ್ ಹಾಕ್ಕೊಳಿ' ಎಂದಳು. ಆಡು ಮುಂದಿನ ಸೀಟಿಗೆ ಬಡ್ತಿ ಪಡೆದು ಮುನಿಶಾಮಿಯ ತೊಡೆಯೇರಿತು. ಕೋಲಾರ ಬರುವ ತನಕ ಶಾಮಲಮ್ಮ ತಮ್ಮನನ್ನು ಬೈದಳು. ತವರಿನವರು ಕೊಡುವುದೇ ಎರವಲು ಸಾಮಾನು ಎಂದು ಅರವತ್ತು ವರ್ಷದ ಹಿಂದಿನ ಸೀರೆಯಿಂದ ಶುರು ಮಾಡಿದಳು. ಮುನಿಶಾಮಿ ಆಡಿನ ಕಿವಿ ಸವರುತ್ತ ಕೂತಿದ್ದ.

ಗ್ರಿಲ್ ಅಂಗಡಿಯ ಮುಂದೆ ತಾಜ್ ಪಾಷಾ ಗಾಡಿಯನ್ನು ಹೊರಗೇ ತಂದು ನಿಲ್ಲಿಸಿದ್ದ. ಕಿಟಕಿ ಸರಳಿನ ಕಬ್ಬಿಣ, ಗೇಟಿಗೆ ಬಳಿಯುವ ಹಸಿರು ಬಣ್ಣ, ತೂಕವೂ ಒಂದು ಗೇಟಿನಷ್ಟೇ. ಬ್ರೇಕು ಸೈಕಲ್ಲಿನದು. ಬ್ರೇಕಿನ ಜೊತೆಗೆ ಬಂದಿದ್ದ ಸೈಕಲ್ ಬೆಲ್ಲನ್ನು ಎಸೆಯಲು ಮನಸ್ಸು ಬಾರದೆ ಅದನ್ನೂ ಕೂರಿಸಿದ್ದ.

ಶಾಮಲಮ್ಮ ಕೊನೆಗೂ ಇಳಿದಳು. ಹಸಿರು ಗಾಡಿ ಹಿಡಿದು ರಸ್ತೆಯಲ್ಲಿ ಹತ್ತು ಹೆಜ್ಜೆ ಹೋದಳು. ಬೆಲ್ ಒತ್ತಿದಳು. ಎದುರಿಗೆ ಬರುತ್ತಿದ್ದ ಆಟೋ ನಿಂತಿತು. ಅವಳ ಮುಖ ಬದಲಾಯಿತು. ಇನ್ನೊಮ್ಮೆ ಒತ್ತಿದಳು.

"ಆ ಬಿಳೀ ದೇಶದ್ದು ಹಗುರ. ಗಾಳಿಗೆ ಹಾರ್ಹೋಗೋ ಹಂಗೈತೆ. ನೀನೇ ತಗೊಂಡೋಗಮ್ಮ," ಎಂದಳು ಗಂಗಾಲಕ್ಷ್ಮಿಗೆ. "ಆದ್ರೆ ಮರಿ ನಂದು. ಮಾತು ಅಂದ್ರೆ ಮಾತು."

ಟೊಮೇಟೊವನ್ನು ಹಸಿರು ಗಾಡಿಯ ಬುಟ್ಟಿಗೆ ಸುರಿದು, ಆಡನ್ನು ಅದಕ್ಕೆ ಕಟ್ಟಿದರು. ಅದು ಬುಟ್ಟಿಯ ಟೊಮೇಟೊ ಕಡೆ ನೋಡಿತು.

ಗಂಗಾಲಕ್ಷ್ಮಿ ಬಗ್ಗಿ ಹಸಿರು ಗಾಡಿಯ ಗಾಲಿಗಳನ್ನು ನೋಡಿದಳು. ನಾಲ್ಕೂ ಹೊಸವು, ಕಪ್ಪು ರಬ್ಬರು. ಒಂದರ ಅಂಚು ಮಾತ್ರ ಸ್ವಲ್ಪ ತರಚಿತ್ತು.

"ಅದು ಅವನು ಕೊಂಡಿದ್ದೇ," ಎಂದ ತಾಜ್ ಪಾಷಾ ಮೆಲ್ಲಗೆ. "ಪೊಲೀಸರು ಮೊದಲು ನನಗೇ ಫೋನ್ ಮಾಡಿದ್ದು. ನಂಗಲಿಗೆ ಹೋದಾಗ ರಸ್ತೆ ಪಕ್ಕ ಚೀಲ ಹಂಗೇ ಬಿದ್ದಿತ್ತು. ತಂದಿಟ್ಕೊಂಡಿದ್ದೆ. ಕೆಲಸ ನಿಲ್ಲಿಸ್ಬಾರ್ದು ಅನ್ನಿಸ್ತು. ಅಳತೆ ಇದೆ, ನಿಮ್ಮತ್ತೆಗೆ ಇನ್ನೊಂದು ಮಾಡ್ಕೊಡ್ತೀನಿ."

ಅವಳು ಪರ್ಸಿಗೆ ಕೈ ಹಾಕಿದಳು.

"ನಕ್ಕೋ," ಎಂದ ಅವನು ಕೈ ಅಡ್ಡ ಹಿಡಿದು. "ನಕ್ಕೋ ಬೇಟಿ, ನಕ್ಕೋ."

ಬೇಡ ಎಂದು ಅರ್ಥ. ಸಾಬರ ಮಾತಿನ ಆ ಒಂದು ಪದ ಕೋಲಾರದಲ್ಲಿ ಹುಟ್ಟಿದ ಕೂಸಿಗೂ ಗೊತ್ತು. ಆದರೆ ಆ ಸಂಜೆ ಅವಳ ಕಿವಿಗೆ ಅದು ಕನ್ನಡವಾಗಿ ಬಿತ್ತು. ನಕ್ಕೋ, ಮಗಳೇ, ನಕ್ಕುಬಿಡು. ಎದುರಿಗೆ ಆಡು ಕಟ್ಟಿದ ಹಸಿರು ಗೇಟೊಂದು ಬೆಲ್ ಬಾರಿಸಿಕೊಂಡು ಬಸ್ ನಿಲ್ದಾಣದ ಕಡೆ ಹೋಗುತ್ತಿತ್ತು, ಹಿಂದೆ ಶಂಖದ ದಾಸಯ್ಯ. ಅವಳ ಗಂಟಲಿನಿಂದ ಏನೋ ಒಂದು ಹೊರಬಂತು. ನಗುವೇ ಇರಬೇಕು. ಅದು ಅರ್ಧದಾರಿಯಲ್ಲಿ ಬೇರೆಯದಾಯಿತು. ಹದಿಮೂರು ದಿನದ್ದು ಒಟ್ಟಿಗೆ ಬಂತು. ತಾಜ್ ಪಾಷಾ ಒಂದು ಸ್ಟೂಲ್ ತಂದಿಟ್ಟು, ಗ್ರಿಲ್ಲುಗಳ ಕಡೆ ಮುಖ ಮಾಡಿ ನಿಂತುಕೊಂಡ. ಶ್ರೀನಿವಾಸಪ್ಪ ಹೋಗಿ ಓಮ್ನಿಯ ಮಡಚಿದ ಸೀಟನ್ನು ನೆಟ್ಟಗೆ ಮಾಡತೊಡಗಿದರು.

ವಿಮಾನ ನಿಲ್ದಾಣದಲ್ಲಿ ಗಾಡಿ ನೋಡಿದ ಸಿಬ್ಬಂದಿ, ಇದು ಇನ್ನೊಬ್ಬರದು ಎಂದು ಅವಳು ಎಷ್ಟು ಹೇಳಿದರೂ ಕೇಳದೆ ಅವಳನ್ನು ಗಾಲಿ ಕುರ್ಚಿಯಲ್ಲಿ ಕೂರಿಸಿ ಎಲ್ಲರಿಗಿಂತ ಮೊದಲು ಒಳಗೆ ಬಿಟ್ಟರು.

ಗುರುವಾರ ಮೂರು ಗಂಟೆಗೆ ಅವಳು ಮೊದಲ ಸಲ ಇಂಗರಳ ಕಟ್ಟಡದ ಕೆಳಗೆ ನಿಂತಿದ್ದಳು. ಮುನೇಶ್ ಹೋದ ಸುದ್ದಿಯನ್ನು ಸಂಘದವರು ಮುದುಕಿಗೆ ಆಗಲೇ ತಿಳಿಸಿದ್ದರು. ಇಪ್ಪತ್ತಕ್ಕೆ ಇನ್ನೂ ಒಂದು ದಿನವಿತ್ತು. ಲಿಫ್ಟ್ ಇರಲಿಲ್ಲ. ಈ ಮುದುಕಿಯನ್ನು ಮುನೇಶ್ ಎರಡು ಮಹಡಿ ಹೇಗೆ ಇಳಿಸುತ್ತಿದ್ದನೋ ಎಂದುಕೊಳ್ಳುತ್ತಿರುವಾಗಲೇ ಮೆಟ್ಟಿಲಿನ ಮೇಲೆ ಚುರುಕಾದ ಹೆಜ್ಜೆ ಸದ್ದಾಯಿತು. ಇಂಗರ್ ಬಂದಳು. ಏನನ್ನೂ ಹಿಡಿದುಕೊಂಡಿರಲಿಲ್ಲ. ಗಂಗಾಲಕ್ಷ್ಮಿಯನ್ನು ಅಪ್ಪಿಕೊಂಡಳು. ಆಮೇಲೆ ಗಾಡಿಯನ್ನು ಮಡಚಿ ಕಂಕುಳಲ್ಲಿ ಸಿಕ್ಕಿಸಿಕೊಂಡು ಮೆಟ್ಟಿಲು ಹತ್ತಿಯೇಬಿಟ್ಟಳು.

ಗಂಗಾಲಕ್ಷ್ಮಿ ಏದುಸಿರು ಬಿಡುತ್ತ ಹಿಂದೆ ಹೋದಳು. "ನಿಮ್ಮ ಕಾಲು?"

"ಕಾಲಿಗೇನಾಗಿದೆ?" ಇಂಗರಳ ಇಂಗ್ಲಿಷು ನಿಧಾನ, ಸ್ಪಷ್ಟ. "ಗಾಡಿ ನನ್ನ ಗಂಡನದು. ಅವನು ಹೋಗಿ ಏಳು ವರ್ಷವಾಯಿತು."

ಅಡುಗೆಮನೆಯ ಗೋಡೆಗೆ ಸಂಘದ ಚೀಟಿ ಅಂಟಿಸಿತ್ತು. ಅಂಥದ್ದೇ ಚೀಟಿ ಗಂಗಾಲಕ್ಷ್ಮಿಯ ಮನೆಯಲ್ಲೂ ಇತ್ತು. ಅದರಲ್ಲಿ ಸ್ವಯಂಸೇವಕ ಮುನೇಶ್, ನೋಡಿಕೊಳ್ಳಬೇಕಾದವರು ಇಂಗರ್. ಇದರಲ್ಲಿ ಸ್ವಯಂಸೇವಕಿ ಇಂಗರ್. ನೋಡಿಕೊಳ್ಳಬೇಕಾದವನು ಮುನೇಶ್: ಹೊರದೇಶದವನು, ಭಾಷೆ ಬಾರದು, ಗುರುವಾರ ಮೂರು ಗಂಟೆ.

"ಸಂಘದವರು ಇಬ್ಬರ ಹೆಸರನ್ನೂ ಸೇವೆಯವರ ಪಟ್ಟಿಗೇ ಸೇರಿಸಿಬಿಟ್ಟಿದ್ದರು," ಎಂದಳು ಇಂಗರ್ ಕಾಫಿ ಸುರಿಯುತ್ತ. "ಮೊದಲ ದಿನ ಬಂದವನೇ ನನ್ನ ಕೈಹಿಡಿದು ಕುರ್ಚಿಯಲ್ಲಿ ಕೂರಿಸಿದ. ಪಾಪ, ಯಾರನ್ನು ಯಾರು ನೋಡಲು ಬಂದಿದ್ದಾರೆ ಎಂಬುದೇ ಹುಡುಗನಿಗೆ ತಿಳಿದಿಲ್ಲ ಅಂದುಕೊಂಡೆ. ಮೂಲೆಯಲ್ಲಿ ಗಾಡಿ ಕಂಡದ್ದೇ ಮುಖ ಅರಳಿತು. ತಿರುಗಾಡಿಸುತ್ತೇನೆ ಎಂದ. ಬೇಡ ಎನ್ನಲು ಮನಸ್ಸಾಗಲಿಲ್ಲ. ಒಂದೂವರೆ ವರ್ಷ ತಳ್ಳಿದೆ. ನಿಧಾನ, ನಿಧಾನ ಅನ್ನುತ್ತಿದ್ದ. ಅಷ್ಟು ನಿಧಾನ ನಡೆದು ನಡೆದು ಬೆನ್ನು ನೋವು ಬಂತು."

"ಮತ್ತೆ ಇಪ್ಪತ್ತನೇ ತಾರೀಖಿನೊಳಗೆ ಬೇಕು ಅಂತ ಯಾಕೆ ಹೇಳಿದ್ರಿ?"

"ಎರವಲು ಕೊಟ್ಟರೆ ಜನ ತಿರುಗಿ ಬರುತ್ತಾರೆ. ಅದಕ್ಕೆ."

ಗಂಗಾಲಕ್ಷ್ಮಿ ಎದ್ದಳು. ಗಾಡಿಯನ್ನು ಬಿಡಿಸಿ ಮೂಲೆಗೆ ತಳ್ಳಿಕೊಂಡು ಹೋದಳು. ನೆಲಹಾಸಿನ ಮೇಲೆ ನಾಲ್ಕು ಗಾಲಿಗಳ ಗುರುತು ಇನ್ನೂ ಇತ್ತು. ಗಾಲಿಗಳನ್ನು ಅವುಗಳ ಮೇಲೆಯೇ ಕೂರಿಸಿ ಎರಡೂ ಬ್ರೇಕು ಎಳೆದಳು. ಒಪ್ಪಿಸಿ ಆಯಿತು. ಹಿಡಿಯಿಂದ ಕೈ ತೆಗೆಯುತ್ತಿದ್ದಂತೆ ಖಾಲಿ ಕೈಗಳ ಮೇಲೆ ಇಂಗರ್ ಒಂದು ತಗಡಿನ ಡಬ್ಬಿ ಇಟ್ಟಳು. ಒಳಗೆ ಬಿಸಿ ಕೇಕಿನ ವಾಸನೆ.

"ಕೇಕು ನಿನಗೆ. ಡಬ್ಬಿ ಎರವಲು. ನನ್ನ ತಾಯಿಯದು. ಮುಂದಿನ ಗುರುವಾರ ಮೂರು ಗಂಟೆಗೆ ವಾಪಸ್ಸು ಬೇಕು."

ಗಂಗಾಲಕ್ಷ್ಮಿಯ ಊರಿನ ಟಿಕೆಟ್ಟು ಬುಧವಾರಕ್ಕಿತ್ತು.